ಸೋರೆ ಬುರುಡೆ ಬಾಯಿ ಮುಚ್ಚಿದ್ದು

ಗೆಂಡೆಹಳ್ಳಿ ಕಡೆ ಬೆಳೆದ ನಮಗೆ ಸೋರೆ ಬುರುಡೆ ಗೊತ್ತಿದ್ದದ್ದು ಎರಡೇ ಕೆಲಸಕ್ಕೆ. ಬಿತ್ತನೆ ಬೀಜ ತುಂಬಿ ಅಟ್ಟದ ಮೇಲೆ ಇಡುವುದಕ್ಕೆ, ಇಲ್ಲವೇ ಈಜು ಕಲಿಯುವ ಹುಡುಗರ ಸೊಂಟಕ್ಕೆ ಕಟ್ಟಿ ಕೆರೆಗೆ ಇಳಿಸುವುದಕ್ಕೆ. ಅದಕ್ಕೊಂದು ಮೂರನೇ ಕೆಲಸವೂ ಇತ್ತೆಂದು ಬೇಲೂರಿನ ಗೋಡೆ ಒಂಬೈನೂರು ವರ್ಷದಿಂದ ಹೇಳುತ್ತಲೇ ಇತ್ತು. ನಾವು ನೋಡಿರಲಿಲ್ಲ, ಅಷ್ಟೆ. ಶಾಲೆಯಿಂದ ಕರೆದುಕೊಂಡು ಹೋದಾಗ ಮೇಷ್ಟ್ರು ತೋರಿಸಿದ್ದು ಕನ್ನಡಿ ಹಿಡಿದ ದರ್ಪಣ ಸುಂದರಿಯನ್ನು, ನಾವು ಎಣಿಸಿದ್ದು ಆನೆಗಳನ್ನು.

ನನ್ನ ಕಣ್ಣು ತೆರೆದದ್ದು ಕರೆಂಟು ಹೋದದ್ದರಿಂದ. ಕೆಲವು ವರ್ಷಗಳ ಹಿಂದೆ ಹಾಸನದಲ್ಲಿ ಒಂದು ವೀಣಾ ಕಛೇರಿ. ವೀಣೆಯ ನಾದ ಸ್ಪೀಕರಿನಿಂದ ಬರುವಾಗ ಹೇಗಿರುತ್ತದೆಂದು ಕೇಳಿದವರಿಗೆ ಗೊತ್ತು: ಗಿಟಾರಿಗೆ ಹತ್ತಿರ, ದಪ್ಪ, ಸ್ವಲ್ಪ ಅಂಟಂಟು. ಆಲಾಪನೆಯ ನಡುವೆ ದೀಪ ಆರಿತು, ಫ್ಯಾನು ನಿಂತಿತು, ಸ್ಪೀಕರು ಸತ್ತಿತು. ವಿದ್ವಾಂಸರು ಮಾತ್ರ ಕೈ ನಿಲ್ಲಿಸಲಿಲ್ಲ. ಮೊದಲ ಅರ್ಧ ನಿಮಿಷ ಏನೂ ಕೇಳಿಸಲಿಲ್ಲ. ಆಮೇಲೆ ಕಿವಿ ತಾನಾಗಿ ಚಿಕ್ಕದಾಯಿತೋ ದೊಡ್ಡದಾಯಿತೋ, ತಂತಿ ಮೆಟ್ಟಿಲಿಗೆ ತಾಗುವ ಸದ್ದು, ಬೆರಳು ಜಾರುವ ಸದ್ದು, ಮೀಟು ಮುಗಿದ ಮೇಲೂ ಉಳಿಯುವ ಕಾರ್ವೆ ಒಂದೊಂದಾಗಿ ಬಂದವು. ಹಿಂದಿನ ಸಾಲಿನವರು ಸದ್ದಾಗದಂತೆ ಕುರ್ಚಿ ಎತ್ತಿಕೊಂಡು ಮುಂದೆ ಬಂದರು. ಹತ್ತು ನಿಮಿಷಕ್ಕೆ ಜನರೇಟರು ಹತ್ತಿಕೊಂಡಿತು. ಯಾರೋ ‘ಅಯ್ಯೋ’ ಎಂದರು. ಕರೆಂಟು ಬಂದದ್ದಕ್ಕೆ ಜನ ಬೇಸರಪಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕಛೇರಿ ಮುಗಿದ ಮೇಲೆ ವೇದಿಕೆ ಹತ್ತಿರ ಹೋಗಿ, ವೀಣೆಯ ಎಡಗಡೆ ಇರುವ ಬುರುಡೆಯಿಂದಲೂ ನಾದ ಬರುತ್ತದಲ್ಲವೇ ಎಂದು ಕೇಳಿದೆ. ಅವರು ಅದನ್ನು ಬೆರಳಿನಿಂದ ತಟ್ಟಿ ನಕ್ಕರು. “ಇದು ಫೈಬರ್ ಸಾರ್. ತೊಡೆ ಮೇಲೆ ಆನಿಸಿಕೊಳ್ಳೋಕೆ ಇರೋದು. ಹಾಡೋದೆಲ್ಲ ಆ ಕಡೆ ಕೊಡ.”

ಹಾಡದ ಬುರುಡೆಯನ್ನು ಯಾಕೆ ಹೊತ್ತಿದ್ದಾರೆ? ಆ ಪ್ರಶ್ನೆ ಇಟ್ಟುಕೊಂಡು ಮತ್ತೆ ಬೇಲೂರಿಗೆ ಹೋದೆ.

ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ವಿಷ್ಣುವರ್ಧನನ ರಾಣಿ ಶಾಂತಲೆ ಗೀತ, ವಾದ್ಯ, ನೃತ್ಯ ಮೂರರಲ್ಲೂ ಪಳಗಿದವಳೆಂದು ಶಾಸನಗಳೇ ಹೊಗಳುತ್ತವೆ. ಹಾಗಾಗಿ ಬೇಲೂರು, ಹಳೇಬೀಡುಗಳ ಗೋಡೆಯ ತುಂಬ ಮದ್ದಳೆಯವರು, ತಾಳದವರು, ನಡು ಸಣ್ಣಗಿರುವ ಹುಡುಕ್ಕ ಬಾರಿಸುವವರು, ಕೊಳಲಿನ ವೇಣುಗೋಪಾಲ ಇರುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯ ಇರುವುದು ವೀಣೆಯಲ್ಲಿ. ನಾನು ಹುಡುಕಿದ ಕಡೆಯೆಲ್ಲ ಸಿಕ್ಕಿದ್ದು ಒಂದು ಕೋಲು, ಕೋಲಿಗೆ ಕಟ್ಟಿದ ಬುರುಡೆ. ಮರದಲ್ಲಿ ಕೊರೆದ ಕೊಡವಿಲ್ಲ, ಯಾಳಿಯ ಮುಖವಿಲ್ಲ. ವೀಣೆಯನ್ನು ತೊಡೆಯ ಮೇಲೆ ಅಡ್ಡಡ್ಡ ಮಲಗಿಸಿಲ್ಲ, ಮೈಗೆ ಓರೆಯಾಗಿ ಆನಿಸಿಕೊಂಡಿದ್ದಾರೆ. ಕ್ಯಾಲೆಂಡರಿನಲ್ಲಿ ರಾಜಾ ರವಿವರ್ಮನ ಸರಸ್ವತಿಯನ್ನು ನೋಡಿ ಬೆಳೆದವರಿಗೆ ಇದು ವೀಣೆ ಎಂದೇ ಅನ್ನಿಸುವುದಿಲ್ಲ.

ಅದೇ ಶತಮಾನದ ಸಾಕ್ಷಿ ಇನ್ನೂ ಇದೆ. ಬಸವಣ್ಣನವರು ಒಂದು ವಚನದಲ್ಲಿ ತಮ್ಮ ಮೈಯನ್ನೇ ವಾದ್ಯ ಮಾಡಿಕೊಳ್ಳೆಂದು ಕೂಡಲಸಂಗಮನನ್ನು ಕೇಳುತ್ತಾರೆ: ಕಾಯ ದಂಡಿಗೆ, ತಲೆ ಸೋರೆ, ನರ ತಂತಿ. ಭಕ್ತಿಯ ಮಾತು ಹಾಗಿರಲಿ, ವಾದ್ಯ ತಯಾರಿಸುವವನಿಗೆ ಇದಕ್ಕಿಂತ ಸ್ಪಷ್ಟವಾದ ನಕ್ಷೆ ಬೇಕಿಲ್ಲ. ಅಲ್ಲಿಯೂ ಕೊಡವಿಲ್ಲ. ಕಲ್ಯಾಣದಲ್ಲಿ ಇಂಥದೇ ಕೋಲು-ಬುರುಡೆಯ ವಾದ್ಯವಾದ ಕಿನ್ನರಿ ನುಡಿಸುತ್ತಿದ್ದ ಶರಣ ಬೊಮ್ಮಯ್ಯನ ಹೆಸರಿನ ಹಿಂದೆ ಕಿನ್ನರಿಯೇ ಅಂಟಿಕೊಂಡಿತು. ಹೊಯ್ಸಳರು ಯಾರ ಸಾಮಂತರಾಗಿದ್ದರೋ ಆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ವಾದ್ಯವಿನೋದಕ್ಕೆಂದೇ ಒಂದು ಭಾಗವಿದೆ. ಮುಂದೆ 13ನೇ ಶತಮಾನದಲ್ಲಿ, ಹೊಯ್ಸಳರ ಹಗೆಗಳಾದ ದೇವಗಿರಿಯ ಸೇವುಣರ ಆಸ್ಥಾನದಲ್ಲಿ ಕುಳಿತು ಶಾರ್ಙ್ಗದೇವ ‘ಸಂಗೀತ ರತ್ನಾಕರ’ ಬರೆದ. ಅವನು ಕಿನ್ನರಿ ಮಾಡುವ ಬಗೆಯನ್ನು ಬಡಗಿಗೆ ಹೇಳಿದಂತೆ ಹೇಳುತ್ತಾನೆ. ಮೆಟ್ಟಿಲಿಗೆ ರಣಹದ್ದಿನ ಎಲುಬು, ಅದನ್ನು ಕೂರಿಸಲು ಸುಟ್ಟ ಬಟ್ಟೆಯ ಬೂದಿ ಕಲಸಿದ ಮೇಣ. ಎಲುಬು ಹೋಯಿತು, ಮೇಣ ಉಳಿಯಿತು. ಇವತ್ತಿಗೂ ವೀಣೆಗೆ ಮೇಳ ಕಟ್ಟುವವರು ಕಪ್ಪು ಮೇಣವನ್ನು ಬಿಸಿ ಮಾಡಿ, ಅದರ ಮೇಲೆ ಮೆಟ್ಟಿಲು ಕೂರಿಸಿ, ಕಿವಿಯಿಟ್ಟು ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾರೆ.

ಈ ಬುರುಡೆಗಳನ್ನು ಎದೆಗೆ ಆನಿಸುವುದರಲ್ಲಿ ಒಂದು ಗುಟ್ಟಿತ್ತು. ಬುರುಡೆಯ ತೆರೆದ ಬಾಯನ್ನು ಎದೆಗೆ ಒತ್ತಿದರೆ ನಾದ ಮುಚ್ಚುತ್ತದೆ, ಸಡಿಲಿಸಿದರೆ ಬಿಚ್ಚುತ್ತದೆ. ಒಡಿಶಾ, ಜಾರ್ಖಂಡ್ ಕಡೆಯ ತುಯಿಲಾ ಎಂಬ ಒಂಟಿ ತಂತಿಯ ವಾದ್ಯವನ್ನು ಹೀಗೇ ನುಡಿಸುತ್ತಾರೆ. ನುಡಿಸುವವನ ಎದೆಯೂ ವಾದ್ಯದ ಒಂದು ಭಾಗ. ಇಂಥದ್ದನ್ನು ಸಾವಿರ ಜನರ ಮುಂದೆ ನುಡಿಸಿ ಪ್ರಯೋಜನವಿಲ್ಲ. ಅದು ಒಂದು ಕೋಣೆಯ ಸಂಗೀತ.

ಹಾಗಾದರೆ ಬುರುಡೆ ಬಾಯಿ ಮುಚ್ಚಿದ್ದು ಯಾವಾಗ? ಗುರುತು ಹಿಡಿದು ಹೊರಟರೆ ದಾರಿ ಹಂಪಿಗೆ ಹೋಗುತ್ತದೆ. ಹಳೆಯ ವೀಣೆಗಳಲ್ಲಿ ರಾಗ ಬದಲಾದಂತೆ ಮೆಟ್ಟಿಲು ಸರಿಸುವ ತಾಪತ್ರಯವಿತ್ತು. ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ ‘ಸ್ವರಮೇಳಕಲಾನಿಧಿ’ ಬರೆದು, ಎಲ್ಲ ರಾಗಗಳನ್ನೂ ಒಂದೇ ಮೇಳದ, ಅಂದರೆ ಒಂದೇ ಮೆಟ್ಟಿಲ ಜೋಡಣೆಯ ಮೇಲೆ ನುಡಿಸುವ ದಾರಿ ಹುಡುಕಿದ. ಅವನು ವಿವರಿಸುವ ವೀಣೆಗಳಲ್ಲಿ ಒಂದಕ್ಕೆ ವಿಜಯನಗರದ ದೊರೆ ಅಚ್ಯುತರಾಯನ ಹೆಸರೇ ಇದೆ. 1565ರಲ್ಲಿ ವಿಜಯನಗರ ಬಿತ್ತು, ವಿದ್ಯೆ ತೆಂಕಣಕ್ಕೆ ಹೋಯಿತು. ತಂಜಾವೂರಿನಲ್ಲಿ ರಘುನಾಥ ನಾಯಕ, ಅವನ ಮಂತ್ರಿ ಗೋವಿಂದ ದೀಕ್ಷಿತ. ಈ ದೀಕ್ಷಿತರು ಹೊಯ್ಸಳ ಕರ್ನಾಟಕ ಪಂಗಡದವರು, ನಮ್ಮವರು! (ನಮ್ಮವರು ಎಂದು ಹೆಮ್ಮೆಪಡಲು ನಾಲ್ಕು ನೂರು ವರ್ಷ ಹಿಂದಕ್ಕೆ ಹೋಗಬೇಕಾಯಿತು, ಇರಲಿ.) ಅಲ್ಲಿ ವೀಣೆಗೆ 24 ಮೆಟ್ಟಿಲು ಕೂತವು, ಸ್ಥಾಯಿಗೆ 12ರಂತೆ ಎರಡು ಸ್ಥಾಯಿಗೆ. ಮೇಣದಲ್ಲಿ ಗಟ್ಟಿಯಾಗಿ ಕೂತವು, ಅಲುಗಾಡುವಂತಿಲ್ಲ. ಗೋವಿಂದ ದೀಕ್ಷಿತರ ಮಗ ವೆಂಕಟಮಖಿ ‘ಚತುರ್ದಂಡಿ ಪ್ರಕಾಶಿಕೆ’ಯಲ್ಲಿ 72 ಮೇಳಗಳ, ಅಂದರೆ ರಾಗಗಳ ಮೂಲ ಶ್ರೇಣಿಗಳ ಲೆಕ್ಕ ಕೊಟ್ಟದ್ದು ಇದೇ ಮನೆಯ ಬೆಳಕಿನಲ್ಲಿ.

ನನಗೆ ಕಾಣುವುದು ಹೀಗೆ. 24 ಮೆಟ್ಟಿಲು, ಅಷ್ಟು ಮೇಣ, ಏಳು ತಂತಿಗಳ ಎಳೆತ, ಇಷ್ಟನ್ನೂ ತಾಳಲು ಬಿದಿರಿನಂಥ ಕೋಲು ಸಾಲದು. ದಂಡಿ ಅಗಲವಾಯಿತು, ಮರದ್ದಾಯಿತು. ಅದರ ಜೊತೆಗೆ ಮರದಲ್ಲೇ ಕೊರೆದ ಕೊಡ ಬಂತು. ತಂಜಾವೂರಿನವರು ಹಲಸು ಹಿಡಿದರು, ಮೈಸೂರಿನವರು ಬೀಟೆಯನ್ನೂ ಹಿಡಿದರು. ನಾದ ಕೊಡಕ್ಕೆ ಹೋಯಿತು. ಬುರುಡೆಗೆ ಉಳಿದದ್ದು ಊರೆಗೋಲಿನ ಕೆಲಸ. ಸೋರೆಯದ್ದು ಕಾಗದದ ರಟ್ಟಿನದ್ದಾಯಿತು, ರಟ್ಟಿನದ್ದು ಫೈಬರಿನದ್ದಾಯಿತು. ಹಾಡದ ಮೇಲೆ ಯಾವುದರದ್ದಾದರೇನು.

ಮೈಸೂರಿನಲ್ಲಿ ವೀಣೆ ಶೇಷಣ್ಣ (1852–1926), ಅವರ ಶಿಷ್ಯ ವೆಂಕಟಗಿರಿಯಪ್ಪ, ಅವರ ಶಿಷ್ಯ, ನಮ್ಮ ಹಾಸನ ಜಿಲ್ಲೆಯಲ್ಲೇ 1920ರಲ್ಲಿ ಹುಟ್ಟಿದ ದೊರೆಸ್ವಾಮಿ ಅಯ್ಯಂಗಾರ್, ಈ ಸಾಲಿನವರು ಆ ಕೊಡದಿಂದ ಏನೇನು ತೆಗೆದರೆಂದು ಬರೆಯಲು ಬೇರೆ ಲೇಖನವೇ ಬೇಕು. ಅವರ ಕಾಲಕ್ಕೆ ಇನ್ನೊಂದು ಬದಲಾವಣೆ ಬಂತು. ಅರಮನೆಯ ತೊಟ್ಟಿಯಿಂದ ಸಂಗೀತ ರಾಮನವಮಿಯ ಪೆಂಡಾಲಿಗೆ ಬಂತು. ಕೊನೆಯ ಸಾಲಿಗೆ ಕೇಳಿಸಬೇಕು. ಪಿಟೀಲು ಚೌಡಯ್ಯನವರು ನಾಲ್ಕು ತಂತಿ ಸಾಲದೆ ಏಳು ಕಟ್ಟಿದ್ದು ಇದಕ್ಕೇ. ಆಮೇಲೆ ಮೈಕು, ಆಮೇಲೆ ವೀಣೆಯ ಮೈಗೇ ಅಂಟಿಸುವ ಪಿಕಪ್ಪು. 1979ರ ಹೊತ್ತಿಗೆ ಬೆಂಗಳೂರಿನ ರಾಜನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ವೇದಿಕೆಯ ಮೇಲೆ ನಾದ ಕೊಡುತ್ತ ಉಳಿದಿದ್ದ ತಂಬೂರಿಯ ದೊಡ್ಡ ಸೋರೆಯೂ ಬಹಳ ಕಡೆ ಮನೆಯ ಮೂಲೆ ಸೇರಿತು.

ಯುರೋಪಿನಲ್ಲಿ ಇಂಥದ್ದೇ ಬೇಸರ ಒಂದು ಚಳವಳಿಯಾಯಿತು. ಆರ್ನಾಲ್ಡ್ ಡಾಲ್ಮೆಚ್ ಎಂಬವರು ಹಳೆಯ ವಾದ್ಯಗಳನ್ನು ರಿಪೇರಿ ಮಾಡಿ, ಹೊಸದಾಗಿ ಕಟ್ಟಿ, 1925ರಲ್ಲಿ ಇಂಗ್ಲೆಂಡಿನ ಹೇಸಲ್‌ಮಿಯರ್ ಊರಿನಲ್ಲಿ ಉತ್ಸವ ಶುರುಮಾಡಿದರು. ವಿಯೆನ್ನಾದಲ್ಲಿ ಹಾರ್ನೊನ್‌ಕೂರ್ 1953ರಲ್ಲಿ ಒಂದು ವಾದ್ಯವೃಂದ ಕಟ್ಟಿ, ಉಕ್ಕಿನ ತಂತಿ ಬಿಟ್ಟು ಕುರಿಯ ಕರುಳಿನ ತಂತಿ ಹಾಕಿ ಬಾಖ್‌ನನ್ನು ನುಡಿಸಿದರು. ಶ್ರುತಿ ಅರ್ಧ ಸ್ವರ ಕೆಳಗೆ, ಸಭಾಂಗಣ ಚಿಕ್ಕದು. ಮೊದಮೊದಲು ನಕ್ಕವರು ಆಮೇಲೆ ಟಿಕೆಟ್ಟಿಗೆ ಸಾಲು ನಿಂತರು. ಅವರಿಗೆ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ವಾದ್ಯಗಳು ಸಿಕ್ಕವು, ಬರೆದಿಟ್ಟ ಸ್ವರಲಿಪಿ ಸಿಕ್ಕಿತು. ನಮಗೆ ಸಿಕ್ಕಿರುವುದು ಬಳಪದ ಕಲ್ಲಿನ ವಾದ್ಯ. ಹೊಯ್ಸಳರ ಬುರುಡೆ, ಕೋಲು, ತಂತಿ ಯಾವುದೂ ನಮ್ಮ ಮಳೆಗೆ, ಗೆದ್ದಲಿಗೆ ಉಳಿಯುವ ವಸ್ತುವಲ್ಲ. ಅಲ್ಲಿ ಹಾಡಿದ್ದನ್ನು ಹಾಗೆಯೇ ತಿರುಗಿ ಹಾಡಿಸುತ್ತೇವೆ ಎನ್ನುವವರನ್ನು ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ.

ಆದರೆ ವಾದ್ಯ ಪೂರ್ತಿ ಸತ್ತಿಲ್ಲ, ಕಛೇರಿಗೆ ಬರುವುದನ್ನು ಬಿಟ್ಟಿದೆ ಅಷ್ಟೆ. ಕಿನ್ನರಿ ಜೋಗಿಗಳು ಭಾರತದ ಕಥೆ ಹಾಡುವಾಗ ಬುರುಡೆ ಕಟ್ಟಿದ ಕಿನ್ನರಿ ಕೈಯಲ್ಲಿರುತ್ತದೆ.  ತತ್ವಪದದವರ ಏಕತಾರಿಯಲ್ಲಿ ಸೋರೆ ಇನ್ನೂ ನಾದವನ್ನೇ ಕೊಡುತ್ತದೆ. ಗಡಿಯಾಚೆ ಮಿರಜಿನಲ್ಲಿ, ಒಂದು ಕಾಲಕ್ಕೆ ಕತ್ತಿ ಮಸೆಯುತ್ತಿದ್ದ ಶಿಕಲಗಾರರ ಮನೆಗಳಲ್ಲಿ, ಪಂಢರಪುರದ ಸುತ್ತ ಬೆಳೆದ ಸೋರೆಯಿಂದ ತಂಬೂರಿ, ಸಿತಾರು ತಯಾರಾಗುತ್ತವೆ. 2024ರಲ್ಲಿ ಅವಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಅಡುಗೆಯ ಸೋರೆ ಇದಕ್ಕೆ ಆಗುವುದಿಲ್ಲ, ಸಿಪ್ಪೆ ತೆಳು. ಬೇಕಾದದ್ದು ಕಹಿ ಸೋರೆ. ಬಳ್ಳಿಯಲ್ಲೇ ಬಲಿತು ಒಣಗಬೇಕು, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನಬೇಕು. ಹೋದ ಮುಂಗಾರಿನಲ್ಲಿ ಬೇಲಿಗೆ ನಾಲ್ಕು ಬೀಜ ಹಾಕಿದ್ದೆ. ಮೂರು ಕಾಯಿ ಮಳೆಗೆ ಕೊಳೆತವು. ಒಂದು ಅಟ್ಟದ ಮೇಲಿದೆ. “ಬೀಜ ತುಂಬಿಡೋಕಾ?” ಅಂತ ಅಮ್ಮ ಎರಡು ಸಲ ಕೇಳಿದ್ದಾಳೆ.