ಗಾಯಾಳುವನ್ನು ಎತ್ತುವ ಕೈಗೆ ಕಾವಲು ಯಾರು?

ಜೆರಿಕೊ ದಾರಿಯಲ್ಲಿ ಕಳ್ಳರ ಪೆಟ್ಟು ತಿಂದು ಬಿದ್ದವನನ್ನು ಎತ್ತಿ ಛತ್ರಕ್ಕೆ ಸೇರಿಸಿದ ಸಮಾರಿಯದವನ ಸಾಮತಿಯನ್ನು ನಾವೆಲ್ಲರೂ ಬಲ್ಲೆವು. ಅದೇ ಕಳ್ಳರು ಮರಳಿ ಬಂದು ಆ ದಯಾವಂತನನ್ನೇ ಕೊಂದಿದ್ದರೆ ಕೇಳುವವರು ಯಾರಿದ್ದರು? ಇದು ಬರಿಯ ತರ್ಕದ ಪ್ರಶ್ನೆಯಲ್ಲ.

2016ರ ಮಾರ್ಚ್ 4ರಂದು ಯೆಮೆನ್ ದೇಶದ ಏಡನ್ ನಗರದಲ್ಲಿ, ಮದರ್ ತೆರೇಸಾ ಸ್ಥಾಪಿಸಿದ ಸಭೆಯ ವೃದ್ಧಾಶ್ರಮಕ್ಕೆ ನುಗ್ಗಿದ ಬಂದೂಕುಧಾರಿಗಳು ನಾಲ್ವರು ಧರ್ಮಭಗಿನಿಯರೂ ಸೇರಿದಂತೆ 16 ಮಂದಿಯನ್ನು ಕೊಂದರು. ಬೆಂಗಳೂರಿನ ಸಲೇಷಿಯನ್ ಪ್ರಾಂತ್ಯಕ್ಕೆ ಸೇರಿದ ಫಾದರ್ ಟಾಮ್ ಉಳುನ್ನಾಲಿಲ್ ಅಪಹೃತರಾದರು. ಬಿಡುಗಡೆಯಾದುದು 2017ರ ಸೆಪ್ಟೆಂಬರ್‌ನಲ್ಲಿ. ಆ ಭಗಿನಿಯರನ್ನು ಇಂದಿನ ರಕ್ತಸಾಕ್ಷಿಗಳೆಂದು ಕರೆದ ಪೋಪ್ ಫ್ರಾನ್ಸಿಸ್, ಅವರ ಸಾವಿನಲ್ಲಿ ಲೋಕದ ಉದಾಸೀನಕ್ಕೂ ಪಾಲಿದೆ ಎಂದರು.

ಈ ಉದಾಸೀನಕ್ಕೆ ಒಂದು ಮದ್ದೆಂಬಂತೆ ವಿಶ್ವಸಂಸ್ಥೆಯ ಮಹಾಸಭೆಯು ಶಾಂತಿಪಾಲಕರ ಹಾಗೂ ಅವರ ಸಹವರ್ತಿಗಳ ರಕ್ಷಣೆಯ ಒಪ್ಪಂದವನ್ನು 1994ರ ಡಿಸೆಂಬರ್ 9ರಂದೇ ಅಂಗೀಕರಿಸಿತ್ತು. 1999ರಲ್ಲಿ ಅದು ಜಾರಿಗೆ ಬಂದಿತು. ಅವರನ್ನು ಕೊಂದವನು ಅಥವಾ ಅಪಹರಿಸಿದವನು ತನ್ನ ನೆಲದಲ್ಲಿ ಸಿಕ್ಕಿದರೆ, ಸದಸ್ಯ ರಾಷ್ಟ್ರವು ತಾನೇ ವಿಚಾರಣೆ ನಡೆಸಬೇಕು, ಇಲ್ಲವೇ ಬೇರೆ ರಾಷ್ಟ್ರಕ್ಕೆ ಒಪ್ಪಿಸಬೇಕು ಎಂಬುದೇ ಅದರ ತಿರುಳು. 2005ರ ಪೂರಕ ಒಪ್ಪಂದವು ತುರ್ತು ಪರಿಹಾರ ಕಾರ್ಯಗಳಿಗೂ ಈ ರಕ್ಷಣೆಯನ್ನು ವಿಸ್ತರಿಸಿತು. ಆದರೂ ವಿಶ್ವಸಂಸ್ಥೆಯ ನಂಟಿಲ್ಲದೆ ದುಡಿಯುವ ಏಡನ್ನಿನ ಭಗಿನಿಯರಂಥವರು ಇದರ ಹೊರಗೇ ಉಳಿಯುತ್ತಾರೆ. ಅವರಿಗೆ ಜಿನೀವಾ ಒಪ್ಪಂದಗಳೇ ಆಸರೆ.

ವಿಶ್ವಸಂಸ್ಥೆಯ ಶಾಂತಿಕಾರ್ಯದಲ್ಲಿ ಭಾರತದ 170ಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತಿದ್ದಾರೆ. 2021ರ ಆಗಸ್ಟ್‌ನಲ್ಲಿ ಭಾರತವು ಅಧ್ಯಕ್ಷ ಸ್ಥಾನದಲ್ಲಿದ್ದಾಗ ಭದ್ರತಾ ಮಂಡಳಿಯು, ಶಾಂತಿಪಾಲಕರ ಹಂತಕರಿಗೆ ಶಿಕ್ಷೆಯಾಗಬೇಕೆಂಬ 2589ನೆಯ ನಿರ್ಣಯವನ್ನು ಅಂಗೀಕರಿಸಿತು. ಆದರೆ ಬಾಂಗ್ಲಾದೇಶ ಸೇರಿರುವ 1994ರ ಒಪ್ಪಂದಕ್ಕೆ ಭಾರತ ಸೇರಿಲ್ಲ.

ಕಾಗದವು ಗುಂಡನ್ನು ತಡೆದೀತೇ ಎಂದು ಕೇಳುವವರುಂಟು. ತಡೆಯಲಾರದು. ಕಾನೂನೆಂದರೆ ಸರ್ವರ ಹಿತಕ್ಕಾಗಿ ವಿವೇಕವು ವಿಧಿಸುವ ಕಟ್ಟಳೆಯೆಂದು ಸಂತ ತೋಮಾಸ್ ಅಕ್ವಿನಾಸರು ಕಲಿಸಿದರು. ಆ ಕಟ್ಟಳೆಯು ಹಂತಕನಿಗೆ ಅಡಗುದಾಣವಿಲ್ಲದಂತೆ ಮಾಡಬಲ್ಲದು.

ಇದು ದೂರದ ಮಾತೂ ಅಲ್ಲ. ಹುಣಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಸಿಗುತ್ತದೆ. 1960ರ ದಶಕದಲ್ಲಿ ಮನೆಮಠ ಕಳೆದುಕೊಂಡು ಬಂದ ಟಿಬೆಟನ್ನರಿಗೆ ಮೈಸೂರು ರಾಜ್ಯ ಅಲ್ಲಿ ನೆಲ ಕೊಟ್ಟಿತು. ಅವರ ಪುನರ್ವಸತಿಗೆಂದೇ 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿತು. ದಾರಿಯ ಕೊನೆಯ ಮಡಿಕೇರಿಯಲ್ಲಿ ಜನಿಸಿದ ಜನರಲ್ ತಿಮ್ಮಯ್ಯನವರು 1965ರ ಡಿಸೆಂಬರ್‌ನಲ್ಲಿ ಸೈಪ್ರಸ್‌ನಲ್ಲಿ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ ತೀರಿಕೊಂಡರು. ಪರರ ನೋವಿಗೆ ಮಿಡಿದವರ ಹೆಜ್ಜೆಗಳು ನಮ್ಮ ದಾರಿಯಲ್ಲೇ ಇವೆ.

ಪ್ರಿಯ ವಾಚಕರೇ, ನಮ್ಮ ನಾಲ್ಕು ತಾಲ್ಲೂಕುಗಳು ಮೈಸೂರು-ಕೊಡಗು, ಮಂಡ್ಯ, ಚಾಮರಾಜನಗರ ಎಂಬ ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಕೊಂಡಿವೆ. ಈ ಮಾತನ್ನು ಕೇಳಲು ನಮಗೆ ಮೂವರು ಸಂಸದರಿದ್ದಾರೆ. ಭಾನುವಾರದ ಪೂಜೆಯಲ್ಲಿ ಸೇವಾನಿರತರಿಗಾಗಿ ಪ್ರಾರ್ಥಿಸೋಣ. ಸೋಮವಾರ ಒಂದು ಪತ್ರವನ್ನೂ ಬರೆಯೋಣ.