ಏಳೂವರೆ ಜೀತಲಿನ ಗೋಧಿ

ಇತಿಹಾಸದ ತರಗತಿಯಲ್ಲಿ ಅಲ್ಲಾವುದ್ದೀನ ಖಿಲ್ಜಿಯ ಪ್ರಕರಣ ಬಂದಾಗಲೆಲ್ಲ ನನಗೊಂದು ಪ್ರಶ್ನೆ ಕಾದಿರುತ್ತದೆ. ಈ ವರ್ಷ ಅದನ್ನು ಕೇಳಿದವಳು ಹಿಂದಿನ ಬೆಂಚಿನ ಒಬ್ಬ ಹುಡುಗಿ: “ಬರಗಾಲದಲ್ಲಿಯೂ ಧಾನ್ಯದ ಬೆಲೆ ಏರಗೊಡದ ದೊರೆಯನ್ನು ಕ್ರೂರಿಯೆನ್ನುವುದೇಕೆ ಸಾರ್?” ಅಷ್ಟರಲ್ಲಿ ಗಂಟೆ ಬಾರಿಸಿತು, ನಾನು ಪಾರಾದೆ. ಆದರೆ ಮನೆಗೆ ಬಂದು ಬರನಿಯ ಗ್ರಂಥವನ್ನು ಮತ್ತೆ ತೆರೆಯದೆ ನಿರ್ವಾಹವಿರಲಿಲ್ಲ.

ಜಿಯಾವುದ್ದೀನ ಬರನಿ ತನ್ನ ಇತಿಹಾಸವನ್ನು ಮುಗಿಸಿದ್ದು 1357ರಲ್ಲಿ, ಎಪ್ಪತ್ತು ದಾಟಿದ ಮೇಲೆ. ವರ್ತಕರೆಂದರೆ ಆಗದ ಮುದುಕ. ಆದರೂ ಪೇಟೆಯ ವಿಷಯವನ್ನು ಅವನಷ್ಟು ವಿವರವಾಗಿ ಬರೆದವರು ಆ ಕಾಲದಲ್ಲಿ ಇನ್ನೊಬ್ಬರಿಲ್ಲ. ಮಂಗೋಲರ ದಾಳಿಯನ್ನು ತಡೆಯಲು ಸುಲ್ತಾನನಿಗೆ ದೊಡ್ಡ ಸೈನ್ಯ ಬೇಕಾಗಿತ್ತು. ಸವಾರನಿಗೆ ವರ್ಷಕ್ಕೆ 234 ಟಂಕಗಳಿಗಿಂತ ಹೆಚ್ಚು ಕೊಟ್ಟರೆ ಬೊಕ್ಕಸ ಬರಿದಾಗುತ್ತದೆ. ಅಷ್ಟರಲ್ಲಿಯೇ ಅವನ ಸಂಸಾರ ಸಾಗಬೇಕಾದರೆ ಬೆಲೆಗಳು ಇಳಿಯಬೇಕು. ಹೀಗೆ ಮಣ ಗೋಧಿಗೆ 7½ ಜೀತಲು, ಜವೆಗೋಧಿಗೆ 4, ಅಕ್ಕಿಗೂ ಕಡಲೆಗೂ 5 ಎಂದು ಗೊತ್ತಾಯಿತು. (ಆಗಿನ ದಿಲ್ಲಿಯ ಮಣ ಸಣ್ಣದು, ಸುಮಾರು 15 ಕಿಲೋಗ್ರಾಮು.)

ಬೆಲೆ ಗೊತ್ತುಮಾಡುವುದು ಯಾವ ದೊರೆಗೂ ಸುಲಭ. ಆ ಬೆಲೆಗೆ ಮಾಲು ಸಿಗುವಂತೆ ಮಾಡುವುದೇ ಕಷ್ಟ. ಸುಲ್ತಾನನಿಗೆ ಇದು ತಿಳಿದಿತ್ತೆಂಬುದೇ ಅವನ ವೈಶಿಷ್ಟ್ಯ. ಗಂಗಾ ಯಮುನೆಗಳ ನಡುವಣ ದೋಆಬದ ಖಾಲಸಾ ಭೂಮಿಗಳ ಕಂದಾಯವನ್ನು ಧಾನ್ಯರೂಪದಲ್ಲಿಯೇ ತರಿಸಿ ದಿಲ್ಲಿಯ ಕಣಜಗಳನ್ನು ತುಂಬಿಸಿದನು. ಎತ್ತುಗಳ ಮೇಲೆ ಧಾನ್ಯ ಸಾಗಿಸುವ ಹೇರಿನವರನ್ನು ಪರಸ್ಪರ ಜಾಮೀನು ಬರೆಸಿಕೊಂಡು, ಹೆಂಡಿರು ಮಕ್ಕಳು ದನಕರುಗಳೊಡನೆ ಯಮುನೆಯ ದಂಡೆಯಲ್ಲಿ ನೆಲೆಗೊಳಿಸಿದನು. ಬಟ್ಟೆ ತರಲು ಮುಲ್ತಾನಿ ವರ್ತಕರಿಗೆ ಬೊಕ್ಕಸದಿಂದ 20 ಲಕ್ಷ ಟಂಕಗಳ ಮುಂಗಡ ಕೊಟ್ಟನು. ಮಳೆ ಹೋದ ವರ್ಷ ಕಣಜದ ಬಾಗಿಲು ತೆರೆಯುತ್ತಿತ್ತು. ಕೊಳ್ಳುವವರಿಗೆ ಇಷ್ಟೇ ಎಂಬ ಪಡಿತರವೂ ಇತ್ತು.

ಇನ್ನು ದಂಡದ ಮಾತು. ತೂಕದಲ್ಲಿ ಕಡಿಮೆ ಕೊಟ್ಟ ಅಂಗಡಿಯವನ ಮೈಯಿಂದ ಅಷ್ಟೇ ತೂಕದ ಮಾಂಸವನ್ನು ಕೊಯ್ಯುತ್ತಿದ್ದರಂತೆ. ಮಳೆಯಿಲ್ಲವೆಂದು ಅರ್ಧ ಜೀತಲು ಏರಿಸಲು ಬಿನ್ನವಿಸಿದ ಪೇಟೆಯ ಅಧಿಕಾರಿಗೇ ಇಪ್ಪತ್ತು ಏಟು ಬಿದ್ದವು. ಓದುವವರ ನೆನಪಿನಲ್ಲಿ ಉಳಿಯುವುದು ಈ ಕೋಲೇ. ನನ್ನ ಮಟ್ಟಿಗೆ ಹೇಳುವುದಾದರೆ, ಬೆಲೆಯನ್ನು ಹಿಡಿದು ನಿಲ್ಲಿಸಿದ್ದು ಕೋಲಿಗಿಂತ ಹೆಚ್ಚಾಗಿ ಕಣಜ. ಕಣಜವಿಲ್ಲದೆ ಕೋಲನ್ನಷ್ಟೇ ಹಿಡಿದ ಸರ್ಕಾರಗಳು ಕಾಳಸಂತೆಯನ್ನು ಬೆಳೆಸಿದ್ದೇ ಹೆಚ್ಚು.

ಹಾಗಾದರೆ ಆ ಕಣಜ ತುಂಬಿದ್ದು ಯಾರ ಪಾಲಿನಿಂದ? ಬೆಳೆಯಲ್ಲಿ ಅರ್ಧ ಕಂದಾಯಕ್ಕೆ ಹೋಗುತ್ತಿತ್ತು. ಉಳಿದುದರಲ್ಲಿ ಮಾರತಕ್ಕದ್ದನ್ನು ರೈತನು ಮನೆಗೆ ಒಯ್ಯದೆ ಹೊಲದಲ್ಲಿಯೇ, ಸರ್ಕಾರದ ಬೆಲೆಗೆ, ಹೇರಿನವರಿಗೆ ಕೊಡಬೇಕು. ನಾಲ್ಕು ದಿನ ಕಾದು ಒಳ್ಳೆಯ ಬೆಲೆಗೆ ಮಾರುವ ದಾರಿ ಅವನಿಗಿರಲಿಲ್ಲ. ಆ ಅಗ್ಗದ ಗೋಧಿಯನ್ನುಂಡ ಸೈನ್ಯವೇ 1311ರಲ್ಲಿ ಮಲಿಕ್ ಕಾಫರನ ಹಿಂದೆ ನಮ್ಮ ದ್ವಾರಸಮುದ್ರದವರೆಗೂ ಬಂದದ್ದು. ಹೊಯ್ಸಳ ಮೂರನೆಯ ಬಲ್ಲಾಳನು ಶರಣಾಗಿ ಆನೆ ಕುದುರೆಗಳನ್ನೂ ಸಂಪತ್ತನ್ನೂ ಒಪ್ಪಿಸಬೇಕಾಯಿತು. ದೋಆಬದ ಹೊಲಕ್ಕೂ ಹಳೇಬೀಡಿಗೂ ಇಂಥದೊಂದು ನಂಟು ಇರಬಹುದೆಂದು ನಾನು ಮೊದಲು ಎಣಿಸಿರಲಿಲ್ಲ.

ಆದರೂ ಇನ್ನೊಂದು ಸಾಕ್ಷ್ಯವನ್ನು ಮುಚ್ಚಿಡುವುದು ನ್ಯಾಯವಲ್ಲ. ದಿಲ್ಲಿಯ ಸಂತ ನಸೀರುದ್ದೀನ್ ಚಿರಾಗರ ಸಂಭಾಷಣೆಗಳ ಸಂಗ್ರಹದಲ್ಲಿ, ಪ್ರಜೆಗಳೆಲ್ಲರಿಗೂ ಉಪಕಾರವಾಗಲೆಂದೇ ಸುಲ್ತಾನನು ಧಾನ್ಯವನ್ನು ಅಗ್ಗಮಾಡಿದನೆಂದಿದೆ. ಆ ಕಾಲದಲ್ಲಿ ಭಿಕ್ಷುಕನಿಗೂ ಚಳಿಗೆ ಹತ್ತಿಯ ಹೊದಿಕೆಯಿತ್ತಂತೆ. ಸತ್ತ ಸುಲ್ತಾನನ ಗೋರಿಗೆ ಜನ ಹರಕೆಯ ದಾರ ಕಟ್ಟುತ್ತಿದ್ದರಂತೆ. ದಿಲ್ಲಿಯ ಬಡವನು ಕಟ್ಟಿದ ಆ ದಾರ ಸುಳ್ಳೆಂದು ಹೇಳಲು ನನಗೆ ಬಾಯಿ ಬಾರದು. ದೋಆಬದ ರೈತನನ್ನು ಮಾತ್ರ ಬರನಿಯೂ ಕೇಳಲಿಲ್ಲ, ಸಂತರೂ ಕೇಳಲಿಲ್ಲ.

ಮರುವಾರ ಇಷ್ಟನ್ನೂ ತರಗತಿಯಲ್ಲಿ ಹೇಳಿದೆ. ಹುಡುಗಿ ಬರೆದುಕೊಂಡಳು, ಆಮೇಲೆ “ಸುಲ್ತಾನ ಸತ್ತ ಮೇಲೆ?” ಎಂದಳು. 1316ರಲ್ಲಿ ಅವನು ತೀರಿಕೊಂಡನು, ಮಗ ಮುಬಾರಕನ ಕಾಲದಲ್ಲಿ ಕಟ್ಟಳೆಗಳೆಲ್ಲ ಸಡಿಲಿದವು, ಮುಲ್ತಾನಿಗಳು ಮನಬಂದ ಬೆಲೆಗೆ ಮಾರತೊಡಗಿದರು ಎಂದು ಬರನಿ ದುಃಖದಿಂದ ಬರೆದುದನ್ನು ಓದಿ ಹೇಳಿದೆ. ಅದೇ ದುಃಖದಲ್ಲಿ ಅವನು ಇನ್ನೊಂದು ದೂರನ್ನೂ ಸೇರಿಸಿದ್ದಾನೆ: ಆಳುಗಳ ಕೂಲಿಯೂ ಹಲವು ಮಡಿ ಏರಿಹೋಯಿತಂತೆ. ಇಷ್ಟು ವರ್ಷ ಪಾಠ ಮಾಡಿಯೂ ಆ ಮಾತನ್ನು ನಾನು ತರಗತಿಯಲ್ಲಿ ಓದಿದ್ದು ಅದೇ ಮೊದಲು.