ಕಾಲ್ಚೆಂಡಾಟ: ಮೈಬಲವೋ, ಕಾಲಿನ ಕೌಶಲವೋ?

ಮಕ್ಕಳ ಆಟವೆಂದು ಹಿರಿಯರು ಹಗುರವಾಗಿ ಕಾಣುವ ಸಂಗತಿಗಳಲ್ಲಿಯೇ ಎಷ್ಟೋ ವೇಳೆ ಮಕ್ಕಳ ಬಾಳಿನ ಸುಖದುಃಖಗಳು ಅಡಗಿರುತ್ತವೆ. ಬೆಂಗಳೂರಿನ ಪಶ್ಚಿಮ ದಿಕ್ಕಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರಗಳಲ್ಲಿ ಭಾನುವಾರದ ಬೆಳಗ್ಗೆ ಯಾವುದಾದರೊಂದು ಬಯಲಿನ ಅಂಚಿನಲ್ಲಿ ನಿಂತು ನೋಡಿದವರಿಗೆ ಈ ಮಾತು ಒಪ್ಪಿಗೆಯಾಗದೆ ಇರದು. ಕ್ರಿಕೆಟ್ಟಿನ ಗದ್ದಲದ ನಡುವೆ ಈಗ ಕಾಲ್ಚೆಂಡಿಗೂ ಒಂದು ಮೂಲೆ ದೊರೆತಿರುವುದು. ಬಣ್ಣದ ಅಂಗಿ ತೊಟ್ಟ ಬಾಲಕ ಬಾಲಿಕೆಯರು ಚೆಂಡಿನ ಹಿಂದೆ ಓಡುತ್ತಿರುತ್ತಾರೆ; ಅವರ ತಂದೆತಾಯಿಗಳು ನೀರಿನ ಸೀಸೆ ಹಿಡಿದು ಬದಿಯಲ್ಲಿ ನಿಂತಿರುತ್ತಾರೆ. ಆ ಹಿರಿಯರು ಕೂಗುವ ಮಾತುಗಳನ್ನು ಕಿವಿಗೊಟ್ಟು ಕೇಳಿರಿ: “ನುಗ್ಗು!” “ಬಿಡಬೇಡ!” “ದೂರಕ್ಕೆ ಒದಿ!” ಚೆಂಡನ್ನು ಕಾಲಲ್ಲಿ ನಿಲ್ಲಿಸಿಕೊಂಡು ಸುತ್ತ ನೋಡೆಂದು ಹೇಳುವವರು ನೂರಕ್ಕೊಬ್ಬರೂ ಸಿಕ್ಕುವುದಿಲ್ಲ.

ನಮ್ಮ ನೆರೆಮನೆಯ ಗೃಹಸ್ಥರೊಬ್ಬರು ಕೆಲವು ದಿನಗಳ ಹಿಂದೆ ಬಹಳ ಖಿನ್ನರಾಗಿ ಬಂದು ಕುಳಿತರು. ಅವರ ಮಗನಿಗೆ ಹತ್ತು ವರುಷ. ಮೈ ಸಣ್ಣದು, ಕಾಲು ಚುರುಕು. ಅವನು ಹೋಗುತ್ತಿದ್ದ ಒಂದು ತರಬೇತಿ ಶಾಲೆಯವರು ಪಂದ್ಯಕ್ಕೆ ಹುಡುಗರನ್ನಾರಿಸುವಾಗ, “ಚೆನ್ನಾಗಿ ಆಡುತ್ತಾನೆ, ಆದರೆ ಮೈಯಲ್ಲಿ ಕಸುವಿಲ್ಲ” ಎಂದು ಕೈಬಿಟ್ಟರಂತೆ. “ಅವರದೇನು ತಪ್ಪು, ಸ್ವಾಮಿ? ಶನಿವಾರ ರಾತ್ರಿ ಟೆಲಿವಿಷನ್ನಿನಲ್ಲಿ ಇಂಗ್ಲೆಂಡಿನ ಪಂದ್ಯ ನೋಡುವುದಿಲ್ಲವೆ? ಅದು ಗೂಳಿಗಳ ಆಟ. ನಮ್ಮಂಥವರ ಮಕ್ಕಳಿಗೆ ಅದು ಒಗ್ಗೀತೆ?” ಎಂದು ಅವರು ನಿಟ್ಟುಸಿರುಬಿಟ್ಟರು. ಹುಡುಗನು ಬಾಗಿಲ ಮರೆಯಲ್ಲಿ ನಿಂತು ಈ ಮಾತನ್ನೆಲ್ಲ ಕೇಳುತ್ತಿದ್ದನು. ಅಂದಿನಿಂದ ಈ ಪ್ರಶ್ನೆಯು ನಮ್ಮ ತಲೆಯನ್ನು ಬಿಡಲಿಲ್ಲ. ಆಂಗ್ಲೇಯರ ಕಾಲ್ಚೆಂಡಾಟವು ಕೌಶಲಕ್ಕಿಂತ ಮೈಬಲವನ್ನೇ ದೊಡ್ಡದೆಂದು ಎಣಿಸುವುದೆಂಬ ಮಾತು ನಿಜವೆ? ನಿಜವಾಗಿದ್ದರೆ ನಾವು ಅದನ್ನು ಅನುಸರಿಸಬೇಕೆ?

ಮೊದಲು ಆಂಗ್ಲೇಯರ ಪಕ್ಷವನ್ನೇ ವಿಚಾರಿಸೋಣ. 1863ರಲ್ಲಿ ಲಂಡನ್ನಿನಲ್ಲಿ ಕೆಲವು ಕ್ಲಬ್ಬುಗಳವರು ಕೂಡಿ ಫುಟ್‌ಬಾಲ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಆಟಕ್ಕೆ ನಿಯಮಗಳನ್ನು ಬರೆದರು. ಆಗ ಎದ್ದ ದೊಡ್ಡ ಜಗಳಗಳಲ್ಲೊಂದು ಯಾವುದು ಬಲ್ಲಿರಾ? ಎದುರಾಳಿಯ ಮುಂಗಾಲಿನ ಎಲುಬಿಗೆ ಒದೆಯುವುದಕ್ಕೆ ಅನುಮತಿಯಿರಬೇಕೋ ಬೇಡವೋ ಎಂಬುದು! ಒದೆತವನ್ನು ತೆಗೆದುಹಾಕಿದರೆ ಆಟದ ಪೌರುಷವೇ ಹೋಗುವುದೆಂದು ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ವಾದಿಸಿದರು. ವಾದವು ನಿಲ್ಲದಿರಲು ಸಂಸ್ಥೆಯನ್ನೇ ಬಿಟ್ಟುಹೋದರು. ಒದೆತವು ನಿಯಮದಿಂದ ಹೋಯಿತು. ಆದರೆ ಪೆಟ್ಟು ತಿಂದು ಸಹಿಸುವವನೇ ಗಂಡಸೆಂಬ ಭಾವನೆಯು ಅಷ್ಟು ಬೇಗ ಹೋಗಲಿಲ್ಲ. ಆ ದೇಶದ ಮಳೆಗಾಲದಂಥ ಚಳಿಗಾಲ, ಕೆಸರು ತುಂಬಿದ ಬಯಲು, ನೀರು ಕುಡಿದು ಕಲ್ಲಿನಂತೆ ಭಾರವಾಗುತ್ತಿದ್ದ ತೊಗಲಿನ ಚೆಂಡು, ಇವೂ ಆ ಭಾವನೆಗೆ ಒತ್ತಾಸೆಯಾದುವು. ಮೊಣಕಾಲುದ್ದ ಕೆಸರಿನಲ್ಲಿ ನಾಜೂಕಿನ ಆಟವನ್ನು ಆಡುವುದಾದರೂ ಹೇಗೆ?

ಆದರೆ ಬಲಕ್ಕೆ ಉತ್ತರವುಂಟೆಂಬುದು ಬಹು ಬೇಗನೆ ತಿಳಿದುಬಂದಿತು. 1872ರ ನವೆಂಬರ್ 30ರಂದು ಗ್ಲಾಸ್ಗೋ ಪಟ್ಟಣದಲ್ಲಿ ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ಮೊದಲನೆಯ ಅಂತರರಾಷ್ಟ್ರೀಯ ಪಂದ್ಯ ನಡೆಯಿತು. ಆಂಗ್ಲ ಆಟಗಾರರು ತೂಕದಲ್ಲಿ ಮೇಲಾದವರು. ಒಬ್ಬೊಬ್ಬನೂ ಚೆಂಡನ್ನು ತಾನೇ ನುಗ್ಗಿಸಿಕೊಂಡು ಹೋಗುವವನು. ಹಗುರ ಮೈಯ ಸ್ಕಾಟರು ಒಬ್ಬರಿಂದೊಬ್ಬರಿಗೆ ಚೆಂಡನ್ನು ದಾಟಿಸುತ್ತ ಆಡಿದರು. ಪಂದ್ಯವು ಗೋಲಿಲ್ಲದೆ ಸಮವಾಯಿತು. ಮುಂದೆ ಹಲವು ವರುಷ ಸ್ಕಾಟರದೇ ಮೇಲುಗೈಯಾಯಿತು. ಇಂದು ಲೋಕವೆಲ್ಲ ಆಡುವ ಪಾಸಿನ ಆಟವು ಹೀಗೆ ತೂಕದಲ್ಲಿ ಕಡಮೆಯಾದವರ ಯುಕ್ತಿಯಿಂದ ಬೆಳೆದು ಬಂದುದು.

ಆಂಗ್ಲೇಯರಲ್ಲಿ ಕುಶಲಿಗಳೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಸ್ಟ್ಯಾನ್ಲಿ ಮ್ಯಾಥ್ಯೂಸನಂತೆ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಸಾಗಿದವರು ಲೋಕದಲ್ಲಿಯೇ ವಿರಳ. ಜಿಮ್ಮಿ ಹೋಗನ್ ಎಂಬ ಆಂಗ್ಲೇಯನು ಕೌಶಲದ ಪಾಠವನ್ನು ಹೇಳಿಕೊಟ್ಟನು. ಆದರೆ ಅವನನ್ನು ಆದರಿಸಿದವರು ಆಸ್ಟ್ರಿಯಾ, ಹಂಗೆರಿ ದೇಶದವರೇ ಹೊರತು ಅವನ ಊರಿನವರಲ್ಲ. 1953ರ ನವೆಂಬರ್ 25ರಂದು ಹಂಗೆರಿಯ ತಂಡವು ಲಂಡನ್ನಿನ ವೆಂಬ್ಲಿ ಬಯಲಿಗೆ ಬಂದು ಇಂಗ್ಲೆಂಡನ್ನು 6–3ರಿಂದ ಸೋಲಿಸಿದಾಗ, ನಮಗೆ ಈ ವಿದ್ಯೆಯನ್ನು ಕಲಿಸಿದವನು ಹೋಗನನೇ ಎಂದು ಹಂಗೆರಿಯವರು ಕೃತಜ್ಞತೆಯಿಂದ ನೆನೆದರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಆ ದೇಶಕ್ಕೂ ಸಲ್ಲುವುದೆಂದಾಯಿತು.

ಇಷ್ಟಾದರೂ ಬಲದ ಪಕ್ಷಕ್ಕೆ ಒಬ್ಬ ಲೆಕ್ಕಿಗನ ಬೆಂಬಲ ದೊರೆಯಿತು. ವಿಮಾನದಳದ ಲೆಕ್ಕಪತ್ರ ವಿಭಾಗದಲ್ಲಿದ್ದ ಚಾರ್ಲ್ಸ್ ರೀಪ್ ಎಂಬಾತನು 1950ರಿಂದ ಪಂದ್ಯಗಳನ್ನು ನೋಡುತ್ತ ಪ್ರತಿಯೊಂದು ಪಾಸನ್ನೂ ಬರೆದಿಟ್ಟನು. ಬಹುಪಾಲು ಗೋಲುಗಳು ಮೂರು ಅಥವಾ ಇನ್ನೂ ಕಡಮೆ ಪಾಸುಗಳಿಂದ ಆಗುವುವೆಂದು ಕಂಡುಕೊಂಡು, ಆದುದರಿಂದ ಚೆಂಡನ್ನು ಬೇಗನೆ ದೂರಕ್ಕೆ ಒದೆಯುವುದೇ ಲಾಭವೆಂದು ಸಾರಿದನು. ಲೆಕ್ಕ ಸರಿ, ತಾತ್ಪರ್ಯ ತಪ್ಪು. ಆಟದಲ್ಲಿ ನಡೆಯುವ ಚಲನೆಗಳೇ ಬಹುಪಾಲು ಮೂರು ಪಾಸಿನೊಳಗೆ ಮುಗಿಯುವಾಗ ಗೋಲುಗಳೂ ಅವುಗಳಿಂದಲೇ ಹೆಚ್ಚಾಗಿ ಬರುವುದರಲ್ಲಿ ಆಶ್ಚರ್ಯವೇನು? ಸಂತೆಗೆ ನಡೆದು ಬಂದವರೇ ಹೆಚ್ಚಾಗಿರುವಾಗ, ಲಾಭ ಪಡೆದವರಲ್ಲಿಯೂ ನಡೆದು ಬಂದವರೇ ಹೆಚ್ಚೆಂದು ಕಂಡು, ನಡೆದು ಬಂದರೆ ಲಾಭವಾಗುವುದೆಂದು ಹೇಳಿದಂತಾಯಿತು. ಈ ತಪ್ಪು ಲೆಕ್ಕವು ಹಲವು ದಶಕಗಳ ಕಾಲ ಅಲ್ಲಿನ ಶಿಕ್ಷಕರ ತಲೆಯಲ್ಲಿ ಕುಳಿತಿತ್ತು. ಅದೇ ಕಾಲದಲ್ಲಿ ಗ್ಲೆನ್ ಹಾಡ್ಲ್‌ನಂಥ ಚೆಂಡಿನ ಪ್ರಭುವಿಗೆ ದೇಶದ ಪರವಾಗಿ ಆಡಲು ದೊರೆತುದು 53 ಪಂದ್ಯಗಳು ಮಾತ್ರ.

1992ರಲ್ಲಿ ಪ್ರೀಮಿಯರ್ ಲೀಗ್ ಆರಂಭವಾದ ಮೇಲೆ ಹೊರದೇಶದ ಆಟಗಾರರೂ ಶಿಕ್ಷಕರೂ ಅಲ್ಲಿಗೆ ಹೋದರು. 1996ರಲ್ಲಿ ಫ್ರಾನ್ಸಿನ ಆರ್ಸೆನ್ ವೆಂಗರ್, 2016ರಲ್ಲಿ ಸ್ಪೇನಿನ ಪೆಪ್ ಗಾರ್ಡಿಯೋಲಾ ಬಂದರು. ಬಯಲುಗಳು ಹಸನಾದುವು, ಒರಟುತನಕ್ಕೆ ದಂಡನೆ ಬಿಗಿಯಾಯಿತು. ಸುಮಾರು 2012ರಿಂದ ಆ ದೇಶದ ಬಾಲಕರಿಗೆ ಚಿಕ್ಕ ಬಯಲು, ಚಿಕ್ಕ ತಂಡ, ಹೆಚ್ಚು ಹೊತ್ತು ಚೆಂಡಿನ ಸಹವಾಸ ಎಂಬ ಹೊಸ ಪಾಠಕ್ರಮ ಬಂದಿತು. ಆದುದರಿಂದ ನಮ್ಮ ನೆರೆಮನೆಯವರ ಮಾತು ಹಿಂದಿನ ಇಂಗ್ಲೆಂಡಿಗೆ ಬಹುಮಟ್ಟಿಗೆ ಸಲ್ಲುವುದು. ಇಂದಿನ ಇಂಗ್ಲೆಂಡು ಆ ನಂಬಿಕೆಯನ್ನು ಬಿಡಲು ದುಡಿಯುತ್ತಿರುವುದು. ಅವರು ಬಿಡುತ್ತಿರುವುದನ್ನು ನಾವು ಹಿಡಿಯುವುದು ಜಾಣತನವೆ?

ಇನ್ನು ನಮ್ಮ ಊರಿನ ಕಥೆಗೆ ಬರೋಣ. 1809ರಲ್ಲಿ ದಂಡು ಸ್ಥಾಪನೆಯಾದಂದಿನಿಂದ ಬೆಂಗಳೂರಿನ ಪೂರ್ವಭಾಗವು ಗೋರಾ ಸಿಪಾಯಿಗಳ ನೆಲೆಯಾಗಿದ್ದಿತು. ಕಾಲ್ಚೆಂಡು ಅವರೊಡನೆ ಬಂದಿತು. ಅದನ್ನು ನೋಡಿ ಕಲಿತವರು ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಶಿವಾಜಿನಗರಗಳ ಬಡವರ ಮಕ್ಕಳು. ಬೂಟಿಗೆ ಹಣವಿಲ್ಲದೆ ಬರಿಗಾಲಲ್ಲಿ ಆಡಿದರು. ಬರಿಗಾಲಿಗೆ ಬೂಟಿನೊಡನೆ ಗುದ್ದಾಡುವುದು ಸಾಧ್ಯವಿಲ್ಲ. ಆದುದರಿಂದ ಬೂಟು ಬರುವುದರೊಳಗೆ ಚೆಂಡನ್ನು ದಾಟಿಸಿಬಿಡುವ ಚಮತ್ಕಾರವನ್ನು ಅವರು ಕಲಿಯಲೇಬೇಕಾಯಿತು. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದುದು. ವರುಷ ವರುಷವೂ ಆಂಗ್ಲ ಪಲ್ಟನ್ನುಗಳೇ ಅದನ್ನು ಒಯ್ಯುತ್ತಿದ್ದುವು. 1937ರಲ್ಲಿ ಅದನ್ನು ಮೊತ್ತಮೊದಲು ಗೆದ್ದ ಭಾರತೀಯ ತಂಡವು ನಮ್ಮ ಬೆಂಗಳೂರು ಮುಸ್ಲಿಮ್ಸ್. ಒಮ್ಮೆಯ ಅದೃಷ್ಟವೆಂದು ಯಾರೂ ಹೇಳದಿರಲೆಂಬಂತೆ 1938ರಲ್ಲಿ ಮತ್ತೊಮ್ಮೆ ಗೆದ್ದರು. 1946–47ರಲ್ಲಿ ಮೈಸೂರಿನ ತಂಡವು ಕಾಲ್ಚೆಂಡಿನ ತವರೆನಿಸಿದ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ತನ್ನದಾಗಿಸಿಕೊಂಡಿತು.

1948ರಲ್ಲಿ ಸ್ವತಂತ್ರ ಭಾರತದ ತಂಡವು ಲಂಡನ್ನಿನ ಒಲಿಂಪಿಕ್ ಕ್ರೀಡೆಗಳಿಗೆ ಹೋಯಿತು. ಜುಲೈ 31ರಂದು ಇಲ್‌ಫರ್ಡಿನಲ್ಲಿ ಫ್ರಾನ್ಸಿನೊಡನೆ ಪಂದ್ಯ. ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರು. ಭಾರತದ ಪರವಾಗಿ ಗೋಲು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹ್ಮದ್ ಖಾನರೂ ಆ ತಂಡದಲ್ಲಿದ್ದರು. ಎರಡು ಪೆನಾಲ್ಟಿ ಒದೆತಗಳು ವ್ಯರ್ಥವಾಗಿ, ಕೊನೆಯ ಗಳಿಗೆಯಲ್ಲಿ ಫ್ರಾನ್ಸಿನವರು ಗೋಲು ಹೊಡೆದು, ನಾವು 2–1ರಿಂದ ಸೋತೆವು. ಸೋತರೂ ನೋಡಿದವರೆಲ್ಲ ಕೈತಟ್ಟಿದುದು ನಮ್ಮವರ ಆಟಕ್ಕೆ.

ಇಷ್ಟರಿಂದಲೇ ಕೌಶಲವೊಂದಿದ್ದರೆ ಸಾಕೆಂದು ತೀರ್ಮಾನಿಸಿದರೆ ನಾವು ಸತ್ಯಕ್ಕೆ ಅಪಚಾರ ಮಾಡಿದಂತಾಗುವುದು. ನಾಲ್ಕು ವರುಷಗಳ ತರುವಾಯ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯಾ ನಮ್ಮ ತಂಡವನ್ನು 10–1ರಿಂದ ಬಡಿದುಹಾಕಿತು. ಆ ಒಂದು ಗೋಲನ್ನು ಹೊಡೆದವರು ಅಹ್ಮದ್ ಖಾನರೇ. ಎದುರಾಳಿಗಳಲ್ಲಿ ಬಲವೂ ಇದ್ದಿತು, ಕೌಶಲವೂ ಇದ್ದಿತು. ಬರಿಗಾಲಿನ ಚಮತ್ಕಾರವು ಅಲ್ಲಿ ನಿಲ್ಲಲಿಲ್ಲ. ಆಮೇಲೆ ನಮ್ಮವರಿಗೆ ಬೂಟು ಕಡ್ಡಾಯವಾಯಿತು. ಶಿಕ್ಷಕರಾದ ಸಯ್ಯದ್ ಅಬ್ದುಲ್ ರಹೀಮರು ಕೌಶಲವನ್ನು ಕಳೆಯದೆ ಅದಕ್ಕೆ ಶಿಸ್ತನ್ನೂ ದೇಹಶ್ರಮವನ್ನೂ ಕೂಡಿಸಿದರು. 1956ರ ಮೆಲ್ಬರ್ನ್ ಒಲಿಂಪಿಕ್ಕಿನಲ್ಲಿ ಭಾರತವು ನಾಲ್ಕನೆಯ ಸ್ಥಾನಕ್ಕೇರಿತು. 1962ರ ಏಷ್ಯಾ ಕ್ರೀಡೆಗಳಲ್ಲಿ ಚಿನ್ನವನ್ನು ತಂದಿತು.

ಇದೇ ಪಾಠವು ನಮ್ಮ ಕಣ್ಣೆದುರಿಗೂ ನಡೆದುಹೋಗಿದೆ. 2013ರಲ್ಲಿ ಬೆಂಗಳೂರು ಎಫ್.ಸಿ. ಕ್ಲಬ್ಬು ಹುಟ್ಟಿದಾಗ ಅದರ ಮೊದಲ ಶಿಕ್ಷಕನಾಗಿ ಬಂದವನು ಆಂಗ್ಲೇಯನಾದ ಆಶ್ಲಿ ವೆಸ್ಟ್‌ವುಡ್. ಆಟಗಾರರ ಊಟ, ನಿದ್ದೆ, ವ್ಯಾಯಾಮಗಳನ್ನು ಅವನು ಬಿಗಿಯಾಗಿ ಕಟ್ಟಿಟ್ಟನು. ಮೊದಲನೆಯ ವರುಷವೇ ತಂಡವು ಐ-ಲೀಗನ್ನು ಗೆದ್ದಿತು. 2015–16ರಲ್ಲಿ ಇನ್ನೊಮ್ಮೆ ಗೆದ್ದಿತು. ಅವನ ತರುವಾಯ ಬಂದವನು, ಬಾರ್ಸಿಲೋನಾ ಕ್ಲಬ್ಬಿನಲ್ಲಿ ಸಹಾಯಕ ಶಿಕ್ಷಕನಾಗಿದ್ದ ಆಲ್ಬರ್ಟ್ ರೋಕಾ. ಚೆಂಡನ್ನು ಕೈಬಿಡದೆ ಪಾಸುಗಳಿಂದ ಆಡುವ ಸ್ಪೇನಿನ ಪದ್ಧತಿಯವನು. 2016ರ ಅಕ್ಟೋಬರಿನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಹಿಂದಿನ ವರುಷದ ವಿಜೇತರಾದ ಮಲೇಶಿಯಾದ ಜೊಹೋರ್ ತಂಡವನ್ನು 3–1ರಿಂದ ಸೋಲಿಸಿ, ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ಕ್ಲಬ್ಬು ಅದಾಯಿತು. ಆಂಗ್ಲೇಯನು ಹಾಕಿದ ಅಡಿಪಾಯದ ಮೇಲೆ ಸ್ಪೇನಿನವನು ಮನೆ ಕಟ್ಟಿದನೆನ್ನಬಹುದು.

ಹಾಗಾದರೆ ಎರಡೂ ಬೇಕು. ಬೇಕಾದುದು ಯಾವುದು ಮೊದಲು ಎಂಬ ವಿವೇಕ. ನಮ್ಮ ಗರಡಿಮನೆಯ ಉಸ್ತಾದರು ಇದನ್ನು ಎಂದೋ ಬಲ್ಲವರು. ಕಸುವು ಎಷ್ಟೇ ಇರಲಿ, ಪಟ್ಟು ತಿಳಿಯದವನು ಮಟ್ಟಿಯಲ್ಲಿ ಬೆನ್ನು ತಾಗಿಸುವನು. ಮೈಯ ಬೆಳವಣಿಗೆಯು ವಯಸ್ಸಿನೊಡನೆ ತಾನಾಗಿ ಬರುವುದು. ಹದಿನಾರು ಹದಿನೇಳರಲ್ಲಿ ಅದಕ್ಕೆ ಅಂಗಸಾಧನೆಯನ್ನು ಕೂಡಿಸಬಹುದು. ಚೆಂಡಿನ ಸಲಿಗೆಯಾದರೋ ಎಳೆಯ ವಯಸ್ಸಿನಲ್ಲಿ ಕಲಿತಂತೆ ಮುಂದೆ ಬಾರದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಹತ್ತು ವರುಷದವನನ್ನು ಎತ್ತರ ನೋಡಿ ಆರಿಸುವವರು ಅವನ ಕಾಲನ್ನು ಆರಿಸುತ್ತಿಲ್ಲ, ಹುಟ್ಟಿದ ತಿಂಗಳನ್ನು ಆರಿಸುತ್ತಿದ್ದಾರೆ. ವಯೋಮಿತಿಯ ವರುಷದ ಮೊದಲ ತಿಂಗಳಲ್ಲಿ ಹುಟ್ಟಿದವನು ಕೊನೆಯ ತಿಂಗಳಲ್ಲಿ ಹುಟ್ಟಿದವನಿಗಿಂತ ಹೆಚ್ಚುಕಡಮೆ ಒಂದು ವರುಷ ದೊಡ್ಡವನು. ಆ ಎಳೆತನದಲ್ಲಿ ಒಂದು ವರುಷವೆಂದರೆ ಕಡಮೆಯೆ? ಇಂಗ್ಲೆಂಡಿನ ಶಾಲಾ ವರುಷವು ಸೆಪ್ಟೆಂಬರಿನಲ್ಲಿ ಆರಂಭವಾಗುವುದರಿಂದ, ಅಲ್ಲಿನ ತರಬೇತಿ ಶಾಲೆಗಳಲ್ಲಿ ಸೆಪ್ಟೆಂಬರಿನಿಂದೀಚೆಗಿನ ತಿಂಗಳುಗಳಲ್ಲಿ ಹುಟ್ಟಿದವರೇ ಬಹುವಾಗಿ ತುಂಬಿರುವುದು ಕಂಡುಬಂದಿದೆ.

ಗೃಹಸ್ಥರಿಗೆ ಉಪಯೋಗವಾಗುವ ಎರಡು ಮಾತುಗಳನ್ನು ಇಲ್ಲಿಯೇ ಹೇಳಿಬಿಡುವೆವು. ಒಂಬತ್ತು ವರುಷದೊಳಗಿನವರಿಗೆ ಮೂರನೆಯ ಅಳತೆಯ ಚೆಂಡು, ಆಮೇಲೆ ಸುಮಾರು ಹದಿನಾಲ್ಕರವರೆಗೆ ನಾಲ್ಕನೆಯದು, ಐದನೆಯದು ದೊಡ್ಡವರದು. ಹನ್ನೊಂದು ಮಂದಿಯ ತಂಡಕ್ಕಿಂತ ಐದೈದು ಮಂದಿಯ ಆಟವು ಮಕ್ಕಳಿಗೆ ಮೇಲು. ಪ್ರತಿಯೊಬ್ಬನಿಗೂ ಚೆಂಡು ಹೆಚ್ಚು ಸಲ ಸಿಕ್ಕುವುದು. ಎರಡನೆಯದು ತಲೆಯ ವಿಷಯ. ಸ್ಕಾಟ್ಲೆಂಡಿನಲ್ಲಿ ಆಟವೇ ವೃತ್ತಿಯಾಗಿದ್ದವರನ್ನು ಕುರಿತು 2019ರಲ್ಲಿ ಪ್ರಕಟವಾದ ಸಂಶೋಧನೆಯು, ಮೆದುಳು ಕ್ರಮೇಣ ಕ್ಷೀಣಿಸುವ ರೋಗಗಳಿಂದ ಅವರು ಸಾಯುವುದು ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು ತೋರಿಸಿತು. 2020ರಲ್ಲಿ ಇಂಗ್ಲೆಂಡಿನವರು ಹನ್ನೊಂದು ವರುಷದೊಳಗಿನ ಮಕ್ಕಳಿಗೆ ಅಭ್ಯಾಸದಲ್ಲಿ ಚೆಂಡಿಗೆ ತಲೆ ಕೊಡಿಸುವುದು ಬೇಡವೆಂದರು. ಪೆಟ್ಟು ಸಹಿಸುವುದೇ ಪೌರುಷವೆಂದಿದ್ದ ನಾಡಿನವರೇ ಹೀಗೆಂದ ಮೇಲೆ ನಾವು ಎಚ್ಚರಗೊಳ್ಳಬೇಡವೆ?

ನೆರೆಮನೆಯವರಿಗೆ ಇಷ್ಟನ್ನೂ ಹೇಳಿದೆವು. ಮುಂದಿನ ಭಾನುವಾರ ತಂದೆ ಮಗನೊಡನೆ ನಾವೂ ವಿಜಯನಗರದಲ್ಲಿ ಮೆಟ್ರೋ ಹತ್ತಿ, ಎಲ್ಲಿಯೂ ಬದಲಾಯಿಸದೆ ಹಲಸೂರಿನಲ್ಲಿಳಿದು ಗೌತಮಪುರಕ್ಕೆ ಹೋದೆವು. ಅಲ್ಲಿಯವರು ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಇವರ ಸಾಲಿನಲ್ಲಿ ಬ್ರೆಜಿಲಿನ ಪೆಲೆಯ ವಿಗ್ರಹವನ್ನೂ ನಿಲ್ಲಿಸಿದ್ದಾರೆ. ಹುಡುಗನು ಅದನ್ನು ಬಹಳ ಹೊತ್ತು ನೋಡಿ, “ಇವರು ತುಂಬ ಎತ್ತರ ಇದ್ದರೇ?” ಎಂದು ಕೇಳಿದನು. ಇಲ್ಲ, ಆರಡಿಯೂ ಇರಲಿಲ್ಲವೆಂದೆವು. ಹಿಂದಿರುಗುವಾಗ ತಂದೆಯು ಮಗನಿಗೆ ನಾಲ್ಕನೆಯ ಅಳತೆಯ ಒಂದು ಚೆಂಡನ್ನು ಕೊಡಿಸಿದರು. ಈಗ ಸಂಜೆಯ ಹೊತ್ತು ಅವರ ಮನೆಯ ಮಹಡಿಯಿಂದ ಗೋಡೆಗೆ ಚೆಂಡು ಬಡಿಯುವ ಶಬ್ದವು ನಮಗೆ ಕೇಳಿಬರುತ್ತಿರುತ್ತದೆ. ಓದುವುದಕ್ಕೆ ತುಸು ತೊಂದರೆಯೇ ಸರಿ. ಆದರೆ ನಾವು ದೂರು ಹೇಳಿಲ್ಲ.